ಸೀ ಡೇ: ನೆಲ ಕಾಣದ ದಿನಗಳನ್ನ ಹಡಗಲ್ಲಿ ಚೆನ್ನಾಗಿ ಕಳೆಯೋದು ಹೇಗೆ

ಉದ್ದದ ಕ್ರೂಸ್‌ಗೆ ಹೊರಟೋರೆಲ್ಲ ಮೊದಲು ಕೇಳೋ ಪ್ರಶ್ನೆ ಒಂದೇ, ಸುತ್ತ ನೀರು ಬಿಟ್ರೆ ಏನೂ ಇಲ್ಲ, ಐದಾರು ದಿನ ಒಂದೇ ಸಮ ಹಾಗೇ ಇರ್ಬೇಕು, ಬೇಜಾರಾಗಲ್ವಾ ಅಂತ. ಬಂದರಿಗೆ ಹೋಗದೆ ಇಡೀ ದಿನ ಹಡಗು ಓಡ್ತಾನೇ ಇರೋ ದಿನಕ್ಕೆ ಸೀ ಡೇ ಅಂತಾರೆ. ನಿಜ ಹೇಳ್ಬೇಕು ಅಂದ್ರೆ ಬೇಜಾರಾಗೋರಿಗಿಂತ ಸುಸ್ತಾಗೋರೇ ಜಾಸ್ತಿ, ಯಾಕಂದ್ರೆ ದುಡ್ಡು ಕೊಟ್ಟಿದೀವಿ ಅಂತ ಪ್ರೋಗ್ರಾಮ್ ಶೀಟಲ್ಲಿ ಇರೋದೆಲ್ಲ ಮಾಡೋಕೆ ಹೋಗಿ, ಮೂರನೇ ದಿನಕ್ಕೆ ತಲೆನೋವು ಹಿಡ್ಕೊಂಡು ಕ್ಯಾಬಿನ್ನಲ್ಲಿ ಮಲಗಿರ್ತಾರೆ, ಕಿಟಕಿ ಆಚೆ ಸಮುದ್ರ ಇದ್ರೂ ಅದನ್ನ ಸರಿಯಾಗಿ ನೋಡೇ ಇರಲ್ಲ. ಹಾಗಾಗದೆ ಇರ್ಲಿ ಅಂತ ಒಂದು ಸೀ ಡೇನ ಹಿಂದಿನ ರಾತ್ರಿಯಿಂದ ಶುರು ಮಾಡಿ ಒಂದೊಂದೇ ಹೇಳ್ತೀನಿ.

ಹಿಂದಿನ ರಾತ್ರಿ: ಮೊದಲು ಗಡಿಯಾರ

ಭೂಮಿ 24 ಗಂಟೇಲಿ 360 ಡಿಗ್ರಿ ತಿರುಗತ್ತೆ, ಅಂದ್ರೆ 15 ಡಿಗ್ರಿ ರೇಖಾಂಶಕ್ಕೆ ಒಂದು ಗಂಟೆ ವ್ಯತ್ಯಾಸ. ಸಾಗರ ದಾಟೋ ಹಡಗು ಈ ವ್ಯತ್ಯಾಸಾನ ದಿನಾ ಸ್ವಲ್ಪ ಸ್ವಲ್ಪ ಸರಿ ಮಾಡ್ಕೊಂಡು ಹೋಗತ್ತೆ. ಪಶ್ಚಿಮಕ್ಕೆ ಹೋಗ್ತಿದ್ರೆ ರಾತ್ರಿ ಗಡಿಯಾರ ಒಂದು ಗಂಟೆ ಹಿಂದಕ್ಕೆ, ಅಂದ್ರೆ ನಿಮಗೆ ಒಂದು ಗಂಟೆ ಜಾಸ್ತಿ ನಿದ್ದೆ. ಪೂರ್ವಕ್ಕೆ ಹೋದ್ರೆ ಉಲ್ಟಾ, ದಿನಕ್ಕೆ 23 ಗಂಟೆ. ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಕ್ವೀನ್ ಮೇರಿ 2 ಥರದ ಹಡಗಲ್ಲಿ ಏಳು ರಾತ್ರಿ ಹೋದ್ರೆ ಒಟ್ಟು ಐದು ಗಂಟೆ ಹೀಗೆ ಸಿಗತ್ತೆ, ಇಳಿದಾಗ ಜೆಟ್ ಲ್ಯಾಗ್ ಅನ್ನೋದೇ ಇರಲ್ಲ. ಅದೇ ದಾರೀಲಿ ವಾಪಸ್ ಬಂದ್ರೆ ಐದು ಗಂಟೆ ಕಳ್ಕೋತೀರ, ಅದು ಮೈಗೆ ಗೊತ್ತಾಗತ್ತೆ. ಹಾಗಾಗಿ ಆಯ್ಕೆ ನಿಮ್ಮ ಕೈಲಿದ್ರೆ ಮೊದಲನೇ ಸಲ ಪಶ್ಚಿಮಕ್ಕೆ ಹೋಗೋ ಟ್ರಿಪ್ಪೇ ತಗೊಳ್ಳಿ ಅಂತೀನಿ.

ಪೆಸಿಫಿಕ್ ದಾಟೋರಿಗೆ ಇನ್ನೊಂದು ವಿಷಯ ಇದೆ, ದಿನಾಂಕ ರೇಖೆ. 180 ಡಿಗ್ರಿ ಹತ್ರ ಅದನ್ನ ಪಶ್ಚಿಮಕ್ಕೆ ದಾಟಿದ್ರೆ ಕ್ಯಾಲೆಂಡರಲ್ಲಿ ಒಂದು ದಿನ ಪೂರ್ತಿ ಮಾಯ, ಪೂರ್ವಕ್ಕೆ ದಾಟಿದ್ರೆ ಅದೇ ತಾರೀಖು ಎರಡು ಸಲ. ದಿನಾ ಮಾತ್ರೆ ತಗೊಳ್ಳೋರು ತಾರೀಖು ನೋಡ್ಕೊಂಡು ತಗೊಂಡ್ರೆ ಇಲ್ಲಿ ಎಡವಟ್ಟಾಗತ್ತೆ, ಹೊರಡೋ ಮುಂಚೆನೇ ಡಾಕ್ಟರ್ ಹತ್ರ ಎಷ್ಟು ಗಂಟೆಗೊಂದು ಅಂತ ಕೇಳಿ ಬರ್ಕೊಂಡಿರಿ.

ಫೋನ್ ಟೈಮ್‌ನ ನಂಬ್ಬೇಡಿ. ಆಟೋಮ್ಯಾಟಿಕ್ ಟೈಮ್ ಆಫ್ ಮಾಡಿ, ಕ್ಯಾಬಿನ್ ಟಿವಿಲೋ ರೂಮ್ ಫೋನಲ್ಲೋ ಹಡಗಿನ ಟೈಮ್ ಇರತ್ತೆ, ಅದನ್ನ ನೋಡ್ಕೊಂಡು ಕೈಯಾರೆ ಸೆಟ್ ಮಾಡಿ. ನಾನು ಒಂದು ಸಲ ಇದನ್ನ ಮಾಡದೆ, ಮೂರು ದಿನದಿಂದ ಕಾಯ್ತಿದ್ದ ತಿಮಿಂಗಿಲಗಳ ಬಗ್ಗೆ ಇದ್ದ ಲೆಕ್ಚರ್‌ಗೆ ಹೋದಾಗ ಜನ ಎದ್ದು ಹೊರಗೆ ಬರ್ತಿದ್ರು. ಇವತ್ತಿಗೂ ಬೇಜಾರಿದೆ. ಜೊತೆಗೆ ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ ಬೇಕಾದ್ರೆ ಅದರಲ್ಲೇ ಆನ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಫೋನು ಹಡಗಿನದೇ ಸ್ಯಾಟಲೈಟ್ ಮೊಬೈಲ್ ನೆಟ್‌ವರ್ಕ್‌ಗೆ ತಾನಾಗೇ ಹತ್ಕೊಂಡು ರೋಮಿಂಗ್ ಬಿಲ್ಲು ಹೆದರಿಸೋ ಹಾಗೆ ಬರತ್ತೆ.

ನಾಳೆ ಏನೇನಿದೆ ಅನ್ನೋ ಪಟ್ಟಿ ಸಂಜೆನೇ ಬಂದಿರತ್ತೆ, ಕೆಲವು ಹಡಗಲ್ಲಿ ಕ್ಯಾಬಿನ್‌ಗೆ ಕಾಗದ, ಕೆಲವು ಕಡೆ ಆ್ಯಪಲ್ಲಿ. ಲೆಕ್ಚರು, ಕ್ವಿಜ್ಜು, ಡ್ಯಾನ್ಸ್ ಕ್ಲಾಸು, ಅಡುಗೆ ಡೆಮೊ, ಸಿನಿಮಾ, ಒಟ್ಟು ಮೂವತ್ತು ನಲವತ್ತು ಐಟಂ ಇದ್ರೂ ಇರತ್ತೆ. ಪೆನ್ನು ತಗೊಂಡು ಮೂರಕ್ಕೆ ಮಾತ್ರ ಗುರುತು ಹಾಕಿ, ಬೆಳಿಗ್ಗೆ ಒಂದು ಮಧ್ಯಾಹ್ನ ಒಂದು ರಾತ್ರಿ ಒಂದು. ಮೂರಕ್ಕಿಂತ ಜಾಸ್ತಿ ಬೇಡ, ಇದರಲ್ಲಿ ನಾನು ಸ್ವಲ್ಪ ಹಟ ಮಾಡ್ತೀನಿ.

ಕ್ಯಾಬಿನ್ ರೆಡಿ ಮಾಡ್ಕೊಳ್ಳೋದು

ರಾತ್ರಿ ಎರಡು ಗಂಟೆಗೆ ಅಲೆ ಸ್ವಲ್ಪ ಎದ್ದಾಗ ಕ್ಯಾಬಿನ್ನಲ್ಲಿ ಟಕ್ ಟಕ್ ಶುರುವಾಗತ್ತೆ, ಎಲ್ಲಿಂದ ಅಂತ ಗೊತ್ತಾಗಲ್ಲ, ಲೈಟ್ ಹಾಕಿ ನೋಡಿದ್ರೆ ಬೀರುವಿನೊಳಗಿನ ಖಾಲಿ ಹ್ಯಾಂಗರ್‌ಗಳು ಒಂದಕ್ಕೊಂದು ಬಡೀತಿರತ್ವೆ. ಒಂದು ಸಣ್ಣ ಟವೆಲ್ ಮಡಚಿ ಹ್ಯಾಂಗರ್‌ಗಳ ಮಧ್ಯ ತುರುಕಿ, ನಿಂತೋಗತ್ತೆ. ಗಾಜಿನ ಲೋಟ, ಬಾಟ್ಲಿ, ಕನ್ನಡಕ ಮೇಜಿನ ಮೇಲೆ ಬಿಡ್ಬೇಡಿ, ಡ್ರಾಯರ್ ಪೂರ್ತಿ ಮುಚ್ಚಿ. ಹೆಚ್ಚಿನ ಹಡಗಲ್ಲಿ ಕ್ಯಾಬಿನ್ ಗೋಡೆ ಉಕ್ಕಿನದ್ದೇ, ಮ್ಯಾಗ್ನೆಟ್ ಹುಕ್ ನಾಲ್ಕು ತಗೊಂಡು ಹೋದ್ರೆ ಟೋಪಿ, ಬ್ಯಾಗು, ಒದ್ದೆ ಬಟ್ಟೆ ಎಲ್ಲ ನೇತು ಹಾಕ್ಬಹುದು. ಇಸ್ತ್ರಿ ಪೆಟ್ಟಿಗೆ, ಸರ್ಜ್ ಪ್ರೊಟೆಕ್ಟರ್ ಇರೋ ಎಕ್ಸ್‌ಟೆನ್ಷನ್ ಬೋರ್ಡು ತರೋಕೆ ಸಾಮಾನ್ಯವಾಗಿ ಬಿಡಲ್ಲ, ಹಡಗಲ್ಲಿ ಬೆಂಕಿ ಅಂದ್ರೆ ಓಡಿ ಹೋಗೋಕೆ ಜಾಗ ಇಲ್ಲ ಅಲ್ವಾ, ಅದಕ್ಕೆ.

ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ತಗೊಂಡಿದ್ರೆ ಬೆಳಗಾಯ್ತೋ ಇಲ್ವೋ ಒಂದೂ ಗೊತ್ತಾಗಲ್ಲ. ಟಿವಿಲಿ ಹಡಗಿನ ಮುಂದಿನ ಕ್ಯಾಮೆರಾದ ಚಾನೆಲ್ ಇರತ್ತೆ, ಸೌಂಡ್ ಆಫ್ ಮಾಡಿ ಅದನ್ನ ಹಾಕಿಟ್ಟು ಮಲ್ಕೊಳ್ಳಿ. ರಾತ್ರಿಯೆಲ್ಲ ಪರದೆ ಕಪ್ಪಗಿರತ್ತೆ, ಬೆಳಗಿನ ಜಾವ ನಿಧಾನಕ್ಕೆ ಬೂದು ಬಣ್ಣ ಆಗಿ ರೂಮಲ್ಲಿ ಬೆಳಕು ಬರತ್ತೆ. ಮುಂಭಾಗಕ್ಕೆ ಮುಖ ಮಾಡಿರೋ ಕ್ಯಾಬಿನ್ನಲ್ಲಿರೋರು ಕತ್ತಲಾದ್ಮೇಲೆ ಪರದೆ ಎಳೀಲೇಬೇಕು, ಬ್ರಿಡ್ಜಲ್ಲಿ, ಅಂದ್ರೆ ಹಡಗು ನಡೆಸೋ ಕೋಣೇಲಿ, ಕತ್ತಲಲ್ಲಿ ದಾರಿ ನೋಡ್ತಿರೋ ಆಫೀಸರ್‌ಗಳ ಕಣ್ಣಿಗೆ ಆ ಬೆಳಕು ತೊಂದ್ರೆ ಕೊಡತ್ತೆ.

ಬಾಲ್ಕನಿ ಇದ್ರೆ ಒಂದು ಎಚ್ಚರಿಕೆ, ಬಾಲ್ಕನಿ ಬಾಗಿಲು ತೆಗೆದಿರೋವಾಗ ಯಾರಾದ್ರೂ ಕಾರಿಡಾರ್ ಬಾಗಿಲು ತೆಗೆದ್ರೆ ಗಾಳಿ ನುಗ್ಗಿ ಬಾಗಿಲು ಫಟಾರ್ ಅಂತ ಮುಚ್ಕೊಳತ್ತೆ, ಬೆರಳು ಸಿಕ್ಕಿದ್ರೆ ಮುಗೀತು. ಬಾಗಿಲಿನ ಸಂದಿಗೆ ಯಾವತ್ತೂ ಕೈ ಇಡ್ಬೇಡಿ, ಹಿಡಿಕೆ ಮಾತ್ರ. ಮಕ್ಕಳಿಗೆ ಇದನ್ನ ಮೊದಲನೇ ದಿನವೇ ಹೇಳಿ.

ಬೆಳಿಗ್ಗೆ: ಕಾಫಿ ಹಿಡ್ಕೊಂಡು ಹೊರಗೆ ಬನ್ನಿ

ಸ್ವಲ್ಪ ಬೇಗ ಎದ್ರೆ ಡೆಕ್ ಖಾಲಿ ಇರತ್ತೆ. ಸಿಬ್ಬಂದಿ ಡೆಕ್ ತೊಳೀತಿರ್ತಾರೆ, ಒದ್ದೆ ಇರತ್ತೆ, ಚಪ್ಪಲಿ ಜಾರದ ಹಾಗಿರ್ಲಿ. ಪ್ರೊಮೆನೇಡ್ ಡೆಕ್ ಅಂತ ಹಡಗಿನ ಸುತ್ತ ನಡೆಯೋ ದಾರಿ ಇದ್ರೆ ಎಷ್ಟು ಸುತ್ತಿಗೆ ಒಂದು ಮೈಲಿ ಅಂತ ಅಲ್ಲೇ ಬೋರ್ಡ್ ಹಾಕಿರ್ತಾರೆ.

ಒಂದು ಮಜಾ ಗಮನಿಸಿ. ಹಡಗು 20 ನಾಟ್ (ಗಂಟೆಗೆ ಸುಮಾರು 37 ಕಿಲೋಮೀಟರ್) ವೇಗದಲ್ಲಿ ಹೋಗ್ತಿದೆ, ಎದುರಿಂದ 20 ನಾಟ್ ಗಾಳಿ ಬೀಸ್ತಿದೆ ಅಂದ್ರೆ ಡೆಕ್ ಮೇಲೆ ನಿಮ್ಮ ಮುಖಕ್ಕೆ ಹೊಡೆಯೋದು 40 ನಾಟ್, ಟೋಪಿ ನಿಲ್ಲಲ್ಲ. ಅದೇ ಗಾಳಿ ಹಿಂದಿಂದ ಬೀಸಿದ್ರೆ ಡೆಕ್ ಮೇಲೆ ಎಲೆ ಅಲ್ಲಾಡಲ್ಲ, ನೀರಲ್ಲಿ ಮಾತ್ರ ಬಿಳಿ ನೊರೆ ಕಾಣ್ತಿರತ್ತೆ. ಅದಕ್ಕೇ ಹೊರಗೆ ಕೂರೋ ಮುಂಚೆ ಒಂದು ಸುತ್ತು ಬನ್ನಿ, ಗಾಳಿಗೆ ಯಾವ ಕಡೆ ಮರೆ ಇದೆ ಅಂತ ಗೊತ್ತಾಗತ್ತೆ, ಒಂದು ಕಡೆ ಚಳಿ ಇದ್ರೆ ಇನ್ನೊಂದು ಕಡೆ ಹಾಯಾಗಿ ಬಿಸಿಲು ಕಾಯ್ಬಹುದು. ಗಾಳಿ ತಣ್ಣಗಿದೆ ಅಂತ ಸನ್‌ಸ್ಕ್ರೀನ್ ಬಿಟ್ರೆ ಸಂಜೆಗೆ ಚರ್ಮ ಉರೀತಿರತ್ತೆ, ತಂಗಾಳೀಲಿ ಸುಡ್ತಿರೋದೇ ಗೊತ್ತಾಗಲ್ಲ.

ತಿಂಡಿಗೆ ಬಫೆಗೆ ಒಂಬತ್ತು ಹತ್ತು ಗಂಟೆಗೆ ಹೋದ್ರೆ ಜಾತ್ರೆ, ಸೀ ಡೇಲಿ ಎಲ್ಲರೂ ಹಡಗಲ್ಲೇ ಇರ್ತಾರಲ್ಲ. ಎಂಟಕ್ಕೆ ಮುಂಚೆ ಹೋಗಿ ಇಲ್ಲಾಂದ್ರೆ ಮೇನ್ ಡೈನಿಂಗ್ ರೂಮಲ್ಲಿ ಕೂತು ಸರ್ವ್ ಮಾಡಿಸ್ಕೊಳ್ಳಿ. ಬಟ್ಟೆ ಒಗೆಯೋ ಮಷೀನ್ ರೂಮಿಗೂ ಇದೇ ಮಾತು, ಬೆಳಿಗ್ಗೆ ಬೇಗ ಇಲ್ಲಾಂದ್ರೆ ಎಲ್ಲರೂ ಊಟಕ್ಕೆ ಹೋದಾಗ.

ಊಟಕ್ಕೆ ಮುಂಚೆ ಕೈ ಸೋಪಲ್ಲಿ ತೊಳೀಲೇಬೇಕು, ಕನಿಷ್ಠ 20 ಸೆಕೆಂಡ್. ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟಿರ್ತಾರೆ, ಹಾಕ್ಕೊಳ್ಳಿ, ಆದ್ರೆ ಅದೊಂದೇ ಸಾಲಲ್ಲ. ಹಡಗಲ್ಲಿ ವಾಂತಿ ಭೇದಿ ಹರಡೋ ನೋರೋವೈರಸ್‌ಗೆ ಆಲ್ಕೋಹಾಲ್ ಸ್ಯಾನಿಟೈಸರ್ ಅಷ್ಟಾಗಿ ನಾಟಲ್ಲ, ಸೋಪು ನೀರೇ ಸರಿ. ನಿಮಗೇ ಹೊಟ್ಟೆ ಕೆಟ್ರೆ ಮುಚ್ಚಿಡ್ಬೇಡಿ, ಹಡಗಿನ ಮೆಡಿಕಲ್ ಸೆಂಟರ್‌ಗೆ ಫೋನ್ ಮಾಡಿ ಕ್ಯಾಬಿನ್ನಲ್ಲೇ ಇರಿ, ಎರಡು ದಿನ ಹೋಗತ್ತೆ ಅಂತ ಓಡಾಡಿದ್ರೆ ನೂರಾರು ಜನರ ರಜೆ ಹಾಳಾಗತ್ತೆ.

ಹಡಗು ಹೊಯ್ದಾಡಿದಾಗ

ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಹೆಚ್ಚಿನೋರ ಭಯ ಇದೇ. ಕಿವಿ ಒಳಗಿರೋ ಸಮತೋಲನದ ಅಂಗ ನೀನು ಅಲ್ಲಾಡ್ತಿದೀಯ ಅನ್ನತ್ತೆ, ಕ್ಯಾಬಿನ್ ಗೋಡೆ ನೋಡ್ತಿರೋ ಕಣ್ಣು ಇಲ್ಲ ಎಲ್ಲ ನಿಂತಿದೆ ಅನ್ನತ್ತೆ, ಮಿದುಳಿಗೆ ಎರಡೂ ಹೊಂದಲ್ಲ, ಅದರಿಂದನೇ ವಾಕರಿಕೆ. ದೊಡ್ಡ ಹಡಗುಗಳಿಗೆ ನೀರೊಳಗೆ ರೆಕ್ಕೆ ಥರದ ಸ್ಟೆಬಿಲೈಸರ್ ಇರತ್ತೆ, ಅವು ಎಡಕ್ಕೆ ಬಲಕ್ಕೆ ತೂಗೋದನ್ನ ಚೆನ್ನಾಗಿ ಕಮ್ಮಿ ಮಾಡತ್ವೆ, ಮುಂದೆ ಹಿಂದೆ ಏಳೋದು ಬೀಳೋದನ್ನ ಮಾಡಲ್ಲ. ತೊಟ್ಟಿಲಿನ ಹಗ್ಗ ಮೇಲೆ ಕಟ್ಟಿರೋ ಕಡೆ ಅಲ್ಲಾಟ ಕಮ್ಮಿ, ದೂರ ಹೋದಷ್ಟೂ ಜಾಸ್ತಿ ಅಲ್ವಾ, ಹಾಗೇ ಹಡಗಿನ ಮಧ್ಯಭಾಗ, ಕೆಳಗಿನ ಡೆಕ್ಕು, ಇಲ್ಲಿ ಅಲ್ಲಾಟ ಕಮ್ಮಿ. ಕ್ಯಾಬಿನ್ ಬುಕ್ ಮಾಡೋವಾಗ್ಲೇ ಇದನ್ನ ನೋಡ್ಕೊಂಡ್ರೆ ಅರ್ಧ ಕೆಲಸ ಆದ ಹಾಗೆ, ಎತ್ತರದ ಡೆಕ್ಕಲ್ಲಿ ಮೂತಿ ಕಡೆ ಇರೋ ದುಬಾರಿ ಸೂಟ್ ರೂಮಿಗಿಂತ ಕೆಳಗಿನ ಸಣ್ಣ ಕ್ಯಾಬಿನ್ನೇ ಅವತ್ತು ಸುಖ.

ಹವಾ ಕೆಡತ್ತೆ ಅನ್ನೋದಕ್ಕೆ ಒಂದು ಸೂಚನೆ ಇದೆ, ಲಿಫ್ಟ್ ಹತ್ರ, ಮೆಟ್ಟಿಲ ಪಕ್ಕದ ಕಂಬಿ ಮೇಲೆ ಸಿಬ್ಬಂದಿ ಪೇಪರ್ ಬ್ಯಾಗ್‌ಗಳನ್ನ ಸಿಗಿಸೋಕೆ ಶುರು ಮಾಡ್ತಾರೆ. ಅದು ಕಂಡ ಕೂಡ್ಲೇ ಮಾತ್ರೆ ತಗೊಳ್ಳಿ, ವಾಕರಿಕೆ ಶುರುವಾದ್ಮೇಲೆ ತಗೊಂಡ್ರೆ ಕೆಲಸ ಮಾಡೋದು ಕಷ್ಟ. ಮಾತ್ರೆ ಯಾವುದು ಅಂತ ಹೊರಡೋ ಮುಂಚೆ ಡಾಕ್ಟರ್ ಹತ್ರ ಕೇಳಿಕೊಂಡೇ ಬನ್ನಿ, ಗರ್ಭಿಣಿಯರು, ಗ್ಲಾಕೋಮಾ ಇರೋರು, ಪ್ರಾಸ್ಟೇಟ್ ತೊಂದ್ರೆ ಇರೋರು ತಾವೇ ತಗೊಳ್ಬಾರ್ದು. ಇವುಗಳಲ್ಲಿ ಹೆಚ್ಚಿನವು ನಿದ್ದೆ ಬರ್ಸತ್ವೆ, ಮೇಲೆ ಮದ್ಯ ಬೇಡ.

ಮಾತ್ರೆ ಜೊತೆಗೆ ಹೊರಗೆ ಬಂದು ದಿಗಂತ ನೋಡಿ. ಒಂದೇ ಕಡೆ, ನೀರು ಆಕಾಶ ಸೇರೋ ಗೆರೆ, ಹತ್ತು ಹದಿನೈದು ನಿಮಿಷ. ಆಗ ಕಣ್ಣು ಕಿವಿ ಎರಡೂ ಒಂದೇ ಮಾತು ಹೇಳತ್ವೆ. ಪುಸ್ತಕ, ಫೋನ್ ಎರಡೂ ಬೇಡ. ಹೊಟ್ಟೆ ಪೂರ್ತಿ ಖಾಲಿ ಬಿಡ್ಬೇಡಿ, ಬಿಸ್ಕತ್ತು, ಸೇಬು, ಶುಂಠಿ ಇಂಥವು ಸ್ವಲ್ಪ ಸ್ವಲ್ಪ. ಎಷ್ಟೋ ಜನಕ್ಕೆ ಎರಡು ಮೂರು ದಿನದಲ್ಲಿ ಮೈ ಒಗ್ಗಿಹೋಗತ್ತೆ. ಆಮೇಲೆ ದಡ ಇಳಿದಾಗ ನೆಲವೇ ತೂಗಿದ ಹಾಗೆ ಅನ್ಸತ್ತೆ, ಗಾಬರಿ ಬೇಡ, ಒಂದೆರಡು ದಿನದಲ್ಲಿ ಹೋಗತ್ತೆ, ಹೋಗದೆ ವಾರಗಟ್ಟಲೆ ಉಳಿದ್ರೆ ಮಾತ್ರ ಡಾಕ್ಟರ್‌ಗೆ ತೋರಿಸಿ.

ನಡೆಯೋವಾಗ ಒಂದು ಕೈ ಯಾವಾಗ್ಲೂ ಖಾಲಿ ಇರ್ಲಿ, ಪಕ್ಕದ ಕಂಬಿ ಹಿಡಿಯೋಕೆ. ಎರಡು ಕೈಲೂ ಪ್ಲೇಟು ಲೋಟ ಹಿಡ್ಕೊಂಡು ಹೋಗ್ಬೇಡಿ, ಬೇಕಿದ್ರೆ ಎರಡು ಸಲ ಓಡಾಡಿ.

ಮಧ್ಯಾಹ್ನ ಹನ್ನೆರಡಕ್ಕೆ ಕ್ಯಾಪ್ಟನ್ ಮಾತು

ನನಗೆ ಸೀ ಡೇಲಿ ಎಲ್ಲಕ್ಕಿಂತ ಇಷ್ಟ ಇದು. ತುಂಬಾ ಹಡಗುಗಳಲ್ಲಿ ನಡುಮಧ್ಯಾಹ್ನದ ಹೊತ್ತಿಗೆ ಬ್ರಿಡ್ಜಿಂದ ಅನೌನ್ಸ್‌ಮೆಂಟ್ ಬರತ್ತೆ, ಈಗ ನಾವಿರೋ ಅಕ್ಷಾಂಶ ರೇಖಾಂಶ ಇಷ್ಟು, ಗಾಳಿ ಇಷ್ಟು, ಕೆಳಗೆ ನೀರಿನ ಆಳ ಇಷ್ಟು, ನಿನ್ನೆಯಿಂದ ಬಂದ ದೂರ ಇಷ್ಟು ಅಂತ. ಒಂದು ಸಣ್ಣ ನೋಟ್‌ಬುಕ್ ಜೇಬಲ್ಲಿಟ್ಕೊಂಡು ದಿನಾ ಬರ್ಕೊಳ್ಳಿ, ಜೊತೆಗೊಂದು ಮಡಚೋ ಮ್ಯಾಪ್ ಇದ್ರೆ ದಿನಾ ಒಂದು ಚುಕ್ಕೆ ಇಡಿ.

ಲೆಕ್ಕ ಸುಲಭ. ಒಂದು ನಾಟ್ ಅಂದ್ರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅದು 1852 ಮೀಟರ್. 20 ನಾಟ್‌ನಲ್ಲಿ 24 ಗಂಟೆ ಓಡಿದ್ರೆ 480 ನಾಟಿಕಲ್ ಮೈಲಿ, ಸುಮಾರು 890 ಕಿಲೋಮೀಟರ್. ಇನ್ನೊಂದು ಚಂದ ಏನಂದ್ರೆ ಈ ನಾಟಿಕಲ್ ಮೈಲಿ ಭೂಮಿಯ ಅಳತೆಯಿಂದನೇ ಬಂದಿದ್ದು, ಅಕ್ಷಾಂಶದ ಒಂದು ಮಿನಿಟಿಗೆ (ಡಿಗ್ರಿಯ ಅರವತ್ತರಲ್ಲೊಂದು ಭಾಗ) ಒಂದು ಮೈಲಿ, ಒಂದು ಡಿಗ್ರಿಗೆ 60. ಹಡಗು ನೇರ ಉತ್ತರಕ್ಕೋ ದಕ್ಷಿಣಕ್ಕೋ ಹೋಗ್ತಿದ್ರೆ ನಿನ್ನೆಯ ಅಕ್ಷಾಂಶ, ಇವತ್ತಿನ ಅಕ್ಷಾಂಶ ಕಳೆದು 60ರಿಂದ ಗುಣಿಸಿ, ಕ್ಯಾಪ್ಟನ್ ಹೇಳಿದ ದೂರಕ್ಕೆ ಹತ್ರತ್ರ ಬರತ್ತೆ. ಮಕ್ಕಳ ಕೈಲಿ ಮಾಡಿಸಿ, ಸ್ಕೂಲಲ್ಲಿ ಕಲ್ತ ಭೂಗೋಳ ಕಣ್ಮುಂದೆ ಬರತ್ತೆ.

ಗಾಳಿನ ಬ್ಯೂಫೋರ್ಟ್ ಸ್ಕೇಲಲ್ಲಿ ಹೇಳ್ತಾರೆ, 0ಯಿಂದ 12ರವರೆಗೆ. ಫ್ರಾನ್ಸಿಸ್ ಬ್ಯೂಫೋರ್ಟ್ ಅನ್ನೋ ಬ್ರಿಟಿಷ್ ನೌಕಾಪಡೆ ಅಧಿಕಾರಿ 1805ರಲ್ಲಿ ಮಾಡಿದ್ದು. ಕಣ್ಣಳತೇಲೇ ಹೇಳ್ಬಹುದು, ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡ್ರೆ 3 ಅಥವಾ 4, ಎಲ್ಲಿ ನೋಡಿದ್ರೂ ನೊರೆ, ಜೊತೆಗೆ ಸ್ವಲ್ಪ ತುಂತುರು ಹಾರ್ತಿದ್ರೆ 6. ಅನೌನ್ಸ್‌ಮೆಂಟ್‌ಗೆ ಮುಂಚೆ ನೀವೇ ಒಂದು ನಂಬರ್ ಬರೆದಿಟ್ಟು ಆಮೇಲೆ ಹೋಲಿಸಿ ನೋಡಿ, ನಾಲ್ಕೈದು ದಿನಕ್ಕೆ ಕಣ್ಣು ಪಳಗತ್ತೆ.

ಮಧ್ಯಾಹ್ನದ ಮೇಲೆ: ಒಂದು ಗಂಟೆ ಸಮುದ್ರಕ್ಕೆ

ಪೂಲ್ ಹತ್ರ ಕುರ್ಚಿ ಮೇಲೆ ಟವೆಲ್ ಹಾಕಿ ಎರಡು ಗಂಟೆ ಮಾಯವಾಗೋದು ಮಾಡ್ಬೇಡಿ, ಸೀ ಡೇಲಿ ಕುರ್ಚಿ ಸಿಗದೆ ವಯಸ್ಸಾದೋರು ನಿಂತಿರ್ತಾರೆ. ಆ ಗಲಾಟೆನೇ ಬೇಡ ಅಂದ್ರೆ ಕೆಳಗಿನ ಪ್ರೊಮೆನೇಡ್‌ಗೆ ಬನ್ನಿ, ನೀರಿಗೆ ಹತ್ರ, ಜನ ಕಮ್ಮಿ. ಗುರುತು ಹಾಕಿದ ಮೂರರಲ್ಲಿ ಒಂದು ತಪ್ಪಿದ್ರೂ ಪರವಾಗಿಲ್ಲ, ಈ ಒಂದು ಗಂಟೆ ಮಾತ್ರ ಬಿಡ್ಬೇಡಿ.

ಮೊದಲ ಹತ್ತು ನಿಮಿಷ ಏನೂ ಕಾಣಲ್ಲ, ನೀರು ಅಷ್ಟೇ. ಎದ್ದು ಹೋಗ್ಬೇಡಿ. ಕಣ್ಣಿಗೆ ಅಲೆಗಳ ಲಯ ಸಿಕ್ಕಿದ್ಮೇಲೆ ಲಯ ತಪ್ಪೋದು ತಾನಾಗೇ ಕಾಣತ್ತೆ. ಬೆಚ್ಚಗಿನ ಸಮುದ್ರದಲ್ಲಿ ಹಾರುಮೀನು ಖಂಡಿತ ಹುಡುಕಿ, ಹಡಗಿನ ಮೂತಿ ನೀರು ಸೀಳೋ ಕಡೆ ನೋಡ್ತಾ ಇರಿ. ನಾನು ಮೊದಲ ಸಲ ನೋಡಿದಾಗ ಸಣ್ಣ ಹಕ್ಕಿಗಳ ಗುಂಪು ಅನ್ಕೊಂಡೆ, ನೀರಿಗೆ ತಾಗೋ ಹಾಗೆ ಬೆಳ್ಳಗೆ ಹೊಳೀತಾ ಹೋದವು, ರೆಕ್ಕೆ ಬಡಿಯೋದೇ ಇಲ್ಲ, ಒಂದು ಅಲೆ ತುದಿಗೆ ಬಾಲ ಮಾತ್ರ ತಾಗಿಸಿ ಪಟಪಟ ಅಂತ ಆಡಿಸಿ ಮತ್ತೆ ಮೇಲೆದ್ದು, ಆಮೇಲೆ ಪುಳಕ್ ಅಂತ ಒಂದೊಂದೇ ಒಳಗೆ ಹೋದವು. ನೀರಿನ ಮೇಲೆ ಬಾಲದ ಗೀಟು ಸಾಲಾಗಿ ಉಳಿದಿತ್ತು, ಮುಂದಿನ ಅಲೆ ಬಂದು ಅಳಿಸ್ತು. ಹಡಗಿಗೆ ಹೆದರಿ ಹಾಗೆ ಹಾರತ್ವೆ, ಅವನ್ನ ಹಿಡಿಯೋಕೆ ಕಡಲಹಕ್ಕಿಗಳು ಹಡಗಿನ ಜೊತೇಲೇ ಗಂಟೆಗಟ್ಟಲೆ ಬರತ್ವೆ, ಹಕ್ಕಿ ಧುಮುಕಿದ ಕಡೆ ನೋಡಿದ್ರೆ ಮೀನು ಸಿಗತ್ತೆ.

ತಿಮಿಂಗಿಲಕ್ಕೆ ದುರ್ಬೀನು ಹಿಡ್ಕೊಂಡೇ ಹುಡುಕ್ಬೇಡಿ, ಬರಿಗಣ್ಣಲ್ಲಿ ದಿಗಂತದುದ್ದಕ್ಕೂ ನಿಧಾನಕ್ಕೆ ನೋಡಿ, ಹೊಗೆ ಥರ ಒಂದು ಉಸಿರು ಮೇಲೆದ್ರೆ ಆಮೇಲೆ ದುರ್ಬೀನು ಎತ್ತಿ. ಹಡಗಿಗೆ 8x42 ಅಥವಾ 7x50 ಸಾಕು (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣತ್ತೆ ಅನ್ನೋ ಪವರ್ರು), ಅದಕ್ಕಿಂತ ಪವರ್ ಜಾಸ್ತಿ ಇದ್ರೆ ಕೈ ನಡುಕಕ್ಕೆ ಏನೂ ಕಾಣಲ್ಲ. ಸೂರ್ಯ ಮುಳುಗೋವಾಗ ಆಕಾಶ ತಿಳಿಯಾಗಿದ್ರೆ ಕೊನೇ ಚೂರು ಒಂದೆರಡು ಸೆಕೆಂಡ್ ಹಸಿರಾಗಿ ಮಿನುಗೋದು ಉಂಟು, ಅದನ್ನ ಕಾಯಿರಿ, ಆದ್ರೆ ಸೂರ್ಯನ ಕಡೆ ದುರ್ಬೀನು ಹಿಡೀಲೇಬೇಡಿ.

ರೇಲಿಂಗ್ ಹತ್ರ ನೆನಪಿಡ್ಬೇಕಾದ್ದು

ರೇಲಿಂಗ್ ಮೇಲೆ ಹತ್ತೋದು, ಕೂರೋದು, ಸೆಲ್ಫಿಗೆ ಬಗ್ಗೋದು ಯಾವುದೂ ಬೇಡ. ಯಾರಾದ್ರೂ ನೀರಿಗೆ ಬಿದ್ದಿದ್ದು ಕಂಡ್ರೆ ಜೋರಾಗಿ ಕೂಗಿ, ಹತ್ತಿರದ ಲೈಫ್‌ಬಾಯ್ (ನೀರಲ್ಲಿ ತೇಲೋ ರಿಂಗು) ಎಸೀರಿ, ಕಣ್ಣು ಒಂದು ಕ್ಷಣನೂ ಬೇರೆ ಕಡೆ ತಿರುಗಿಸದೆ ಅವರ ಕಡೆ ಬೆರಳು ತೋರಿಸ್ತಾನೇ ಇರಿ, ಬ್ರಿಡ್ಜಿಗೆ ಬೇರೆಯೋರ ಕೈಲಿ ಹೇಳಿಸಿ. ಅಲೆಗಳ ನಡುವೆ ಒಂದು ತಲೆ ಒಂದ್ಸಲ ಕಣ್ತಪ್ಪಿದ್ರೆ ಮತ್ತೆ ಸಿಗೋದು ಬಹಳ ಕಷ್ಟ.

ಸಿಗರೇಟ್ ತುಂಡು ಎಸೀಬೇಡಿ, ಗಾಳಿಗೆ ಅದು ಕೆಳಗಿನ ಬಾಲ್ಕನಿಗೆ ಹೋಗಿ ಬೆಂಕಿ ಹತ್ಕೋಬಹುದು. ಪ್ಲಾಸ್ಟಿಕ್ ಅಂತೂ ಸಮುದ್ರದಲ್ಲಿ ಎಲ್ಲೇ ಆಗ್ಲಿ ಎಸೆಯೋ ಹಾಗೇ ಇಲ್ಲ, ಹಡಗುಗಳು ಸಮುದ್ರ ಕೆಡಿಸೋದನ್ನ ತಡೆಯೋಕೆ ಇರೋ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ ಐದನೇ ಅನುಬಂಧ 1988ರ ಕೊನೇ ದಿನದಿಂದ ಜಾರಿಯಲ್ಲಿದೆ. ಟಾಯ್ಲೆಟ್ಟಿಗೂ ಪೇಪರ್ ಬಿಟ್ಟು ಏನೂ ಹಾಕ್ಬೇಡಿ, ಅದು ಗಾಳಿ ಎಳೆಯೋ ವ್ಯಾಕ್ಯೂಮ್ ಸಿಸ್ಟಮ್ಮು, ಒಬ್ಬರು ವೆಟ್ ವೈಪ್ಸ್ ಹಾಕಿದ್ರೆ ಆ ಸಾಲಿನ ಅಷ್ಟೂ ಕ್ಯಾಬಿನ್ ಕಟ್ಟಿಕೊಳತ್ತೆ.

ಏಳು ಸಣ್ಣ ಸೀಟಿ, ಕೊನೇಲಿ ಒಂದು ಉದ್ದ ಸೀಟಿ ಕೇಳಿದ್ರೆ ಅದು ಎಮರ್ಜೆನ್ಸಿ, ಮಸ್ಟರ್ ಸ್ಟೇಷನ್‌ಗೆ, ಅಂದ್ರೆ ಅಪಾಯದಲ್ಲಿ ಎಲ್ಲರೂ ಸೇರೋ ಜಾಗಕ್ಕೆ ಹೋಗ್ಬೇಕು. ಮೊದಲ ದಿನದ ಡ್ರಿಲ್ಲನ್ನ ಅಸಡ್ಡೆ ಮಾಡ್ಬೇಡಿ. 2012ರ ಜನವರಿ 13ರಂದು ಕೋಸ್ಟಾ ಕಾಂಕಾರ್ಡಿಯಾ ಅನ್ನೋ ಕ್ರೂಸ್ ಹಡಗು ಬಂಡೆಗೆ ಹೊಡೆದು ಮಗುಚಿ 32 ಜನ ಸತ್ತಾಗ, ಅವತ್ತೇ ಹತ್ತಿದ್ದ ನೂರಾರು ಜನಕ್ಕೆ ಡ್ರಿಲ್ಲೇ ಆಗಿರ್ಲಿಲ್ಲ. ಹೊರಡೋ ಮುಂಚೆನೇ ಅಥವಾ ಹೊರಟ ತಕ್ಷಣ ಮಾಡ್ಬೇಕು ಅನ್ನೋ ಈಗಿನ ನಿಯಮ ಬಂದಿದ್ದು ಅದಾದ್ಮೇಲೆ.

ಸಂಜೆ, ರಾತ್ರಿ

ಡ್ರೆಸ್ ಮಾಡ್ಕೊಂಡು ಹೋಗೋ ಫಾರ್ಮಲ್ ನೈಟ್ ಸಾಮಾನ್ಯವಾಗಿ ಸೀ ಡೇಲೇ ಇಡ್ತಾರೆ. ಒಂಟಿಯಾಗಿ ಹೋಗಿರೋರು ಊಟಕ್ಕೆ ಶೇರಿಂಗ್ ಟೇಬಲ್ ಕೇಳಿ, ಮೊದಲ ದಿನ ಮುಜುಗರ ಆದ್ರೂ ಮೂರನೇ ದಿನಕ್ಕೆ ಅವರೇ ನಿಮಗೆ ಜಾಗ ಹಿಡಿದಿಟ್ಟಿರ್ತಾರೆ. ನಿಮ್ಮ ಕ್ಯಾಬಿನ್ ನೋಡ್ಕೊಳ್ಳೋರು, ಬಡಿಸೋರ ಹೆಸರು ಕಲೀರಿ. ಅವರು ತಿಂಗಳುಗಟ್ಟಲೆ ಮನೆ ಬಿಟ್ಟು ವಾರಕ್ಕೆ ಏಳು ದಿನವೂ ದುಡೀತಾರೆ, ನಮಗೆ ಸೀ ಡೇ ರಜೆ, ಅವರಿಗೆ ಅವತ್ತೇ ಕೆಲಸ ಜಾಸ್ತಿ.

ಮಲಗೋ ಮುಂಚೆ ಲೈಟ್ ಕಮ್ಮಿ ಇರೋ ಡೆಕ್ ಹುಡುಕಿ ಹದಿನೈದು ಇಪ್ಪತ್ತು ನಿಮಿಷ ಫೋನ್ ತೆಗೀದೆ ನಿಲ್ಲಿ, ಕಣ್ಣು ಕತ್ತಲಿಗೆ ಹೊಂದೋಕೆ ಅಷ್ಟು ಬೇಕು. ಚಂದ್ರ ಇಲ್ಲದ ರಾತ್ರಿ ಆಕಾಶಗಂಗೆ ದಿಗಂತದವರೆಗೂ ಇಳಿದಿರತ್ತೆ. ಕೆಳಗೆ ನೊರೆ ಕಡೆನೂ ನೋಡಿ, ಕೆಲವು ಕಡೆ ನೀರು ಕಲಕಿದಾಗ ಸೂಕ್ಷ್ಮಜೀವಿಗಳು ನೀಲಿ ಹಸಿರಾಗಿ ಮಿಣುಕ್ತವೆ.

ಕೊನೇ ಸೀ ಡೇ ರಾತ್ರಿ ಮಾತ್ರ ಇನ್ನೊಂದು ಕೆಲಸ ಇದೆ, ನಾಳೆ ಪೈಲಟ್ ಎಷ್ಟು ಹೊತ್ತಿಗೆ ಹತ್ತುತ್ತಾರೆ ಅಂತ ರಿಸೆಪ್ಷನ್ನಲ್ಲಿ ಕೇಳಿ ಅಲಾರ್ಮ್ ಇಟ್ಕೊಳ್ಳಿ. ಹಡಗನ್ನ ಬಂದರಿನೊಳಗೆ ತರೋಕೆ ದಾರಿ ತೋರಿಸೋರೇ ಪೈಲಟ್, ಆ ಬಂದರಿನ ನೀರು ಗೊತ್ತಿರೋ ಸ್ಥಳೀಯರು, ಸಣ್ಣ ದೋಣೀಲಿ ಬರ್ತಾರೆ. ಕೆಳಗಿನ ಡೆಕ್ಕಿಂದ ಬಗ್ಗದೆ ನೋಡಿ, ಇನ್ನೂ ಕತ್ತಲಿರತ್ತೆ, ದೋಣಿ ಹಡಗಿನ ಪಕ್ಕಕ್ಕೆ ಬಂದು ಅದರಷ್ಟೇ ವೇಗದಲ್ಲಿ ಓಡ್ತಿರತ್ತೆ, ಹಡಗಿನ ಹೊಟ್ಟೇಲಿ ಒಂದು ಸಣ್ಣ ಬಾಗಿಲು ತೆಗೆದು ಹಗ್ಗದ ಏಣಿ ಇಳಿಬಿಟ್ಟಿರ್ತಾರೆ, ದೋಣಿ ಅಲೆ ಮೇಲೆ ಏರಿದ ಆ ಒಂದು ಕ್ಷಣಕ್ಕೆ ಪೈಲಟ್ ಏಣಿ ಹಿಡ್ದು ಹತ್ತಿ ಒಳಗೆ ಹೋಗ್ತಾರೆ. ಅಷ್ಟು ದಿನ ಆದ್ಮೇಲೆ ಹಡಗಿಗೆ ಬರೋ ಮೊದಲ ಹೊಸ ಮನುಷ್ಯ ಅವರೇ.